ಪೆಟ್ರೋಲ್ ಮುಳ್ಳು, ತಾಪದ ಮುಳ್ಳು ಎರಡೂ ಮೇಲೇರಿ ನಿಲ್ಲುತ್ತಿವೆ (1968ರ ಮಿನಿ ಕೂಪರ್)

ಹಸಿರುಮಿನಿ:
ನಮಸ್ಕಾರ. ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ನನ್ನ ಗಾಡಿ 1968ರ ಮಾರ್ಕ್ 2 ಮಿನಿ ಕೂಪರ್, 998 ಸಿಸಿ. ಡೈನಮೋ, ಪಾಸಿಟಿವ್ ಅರ್ಥಿಂಗ್ (ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಮೈಗೆ) ಎಲ್ಲವೂ ಮೂಲದಲ್ಲಿ ಇದ್ದಂತೆಯೇ ಇವೆ. ಚಳಿಗಾಲದಲ್ಲಿ ಮೀಟರ್‌ಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಹೊಡೆದು ಮತ್ತೆ ಕೂರಿಸಿದೆ. ಆಮೇಲೆ ಗಾಡಿ ತೆಗೆದಾಗಿನಿಂದ ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದರೂ ಮುಳ್ಳು ಮುಕ್ಕಾಲು ದಾಟಿ ನಿಲ್ಲುತ್ತದೆ. ತಾಪದ ಮುಳ್ಳು ಹತ್ತು ನಿಮಿಷದಲ್ಲಿ ಕೆಂಪಿನ ಹತ್ತಿರ ಹೋಗುತ್ತದೆ. ಎಂಜಿನ್ ಕುದಿಯುತ್ತಿದೆ ಎಂದುಕೊಂಡು ಥರ್ಮೋಸ್ಟಾಟ್ ಬದಲಿಸಿದೆ, ರೇಡಿಯೇಟರ್ ತೊಳೆದೆ. ಏನೂ ವ್ಯತ್ಯಾಸವಾಗಲಿಲ್ಲ. ಮೊನ್ನೆ ಕಾಲು ಟ್ಯಾಂಕ್ ಇದೆಯೆಂದು ಮುಳ್ಳನ್ನು ನಂಬಿ ಹೊರಟು, ಮಳೆಯಲ್ಲಿ ರಸ್ತೆ ಬದಿಯಲ್ಲಿ ನಿಂತೆ. ಎರಡು ಮೀಟರ್ ಒಟ್ಟಿಗೇ ಕೆಡುವುದುಂಟೇ?

ತಂತಿಗಂಟು:
ಎರಡೂ ಒಟ್ಟಿಗೆ ಕೆಡುವುದು ತೀರ ಅಪರೂಪ, ಸರ್. ಎರಡಕ್ಕೂ ಸೇರಿದ ಒಂದು ಭಾಗ ಕೆಟ್ಟಿರುವ ಸಂಭವವೇ ಹೆಚ್ಚು. ಮೊದಲು ಎರಡು ವಿಷಯ ತಿಳಿಸಿ. ಸ್ಪೀಡೋಮೀಟರ್ ಮತ್ತು ಆಯಿಲ್ ಒತ್ತಡದ ಮೀಟರ್ ಸರಿಯಾಗಿವೆಯೇ? ಎಂಜಿನ್ ವೇಗ ಹೆಚ್ಚಿಸಿ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೆ ಪೆಟ್ರೋಲ್ ಮುಳ್ಳು ಇನ್ನಷ್ಟು ಮೇಲೇರುತ್ತದೆಯೇ?

ಹಸಿರುಮಿನಿ:
ಅವೆರಡೂ ಸರಿಯಾಗಿವೆ. ಮುಳ್ಳು ಏರುವುದು ನಿಜ. ಹೆಡ್‌ಲೈಟ್ ಹಾಕಿ ಎಂಜಿನ್ ನಿಧಾನಕ್ಕೆ ಬಿಟ್ಟರೆ ತುಸು ಇಳಿಯುತ್ತದೆ. ನೀವು ಕೇಳುವವರೆಗೆ ಇದನ್ನು ಗಮನಿಸಿಯೇ ಇರಲಿಲ್ಲ.

ತಂತಿಗಂಟು:
ಹಾಗಾದರೆ ಸೆಂಡರ್‌ಗಳನ್ನು, ಅಂದರೆ ಟ್ಯಾಂಕ್ ಮತ್ತು ಎಂಜಿನ್‌ನಲ್ಲಿದ್ದು ಮೀಟರಿಗೆ ಅಳತೆ ಕಳಿಸುವ ಭಾಗಗಳನ್ನು, ಮುಟ್ಟಬೇಡಿ. ಸ್ಪೀಡೋಮೀಟರಿಗೆ ಕೇಬಲ್, ಆಯಿಲ್ ಮೀಟರಿಗೆ ಕೊಳವೆ. ಅವಕ್ಕೆ ವಿದ್ಯುತ್ತಿನ ಹಂಗಿಲ್ಲ. ವಿದ್ಯುತ್ತಿನಿಂದ ನಡೆಯುವವು ನಿಮಗೆ ತೊಂದರೆ ಕೊಡುತ್ತಿರುವ ಎರಡು ಮಾತ್ರ. ಎರಡಕ್ಕೂ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಡಬ್ಬಿಯೊಂದರಿಂದಲೇ ಕರೆಂಟ್ ಬರುತ್ತದೆ.

ಆ ಡಬ್ಬಿಯೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇದೆ, ಅದರ ಮೇಲೆ ಸಣ್ಣ ತಂತಿ ಸುತ್ತಿದೆ. ತಂತಿ ಕಾದರೆ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ. ಆರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕಡಿದು ಕೂಡಿ, ಸರಾಸರಿ 10 ವೋಲ್ಟ್‌ನಷ್ಟು ಮೀಟರಿಗೆ ಸಿಗುತ್ತದೆ. ಮೀಟರಿನ ಮುಳ್ಳೂ ಬಿಸಿಯಿಂದಲೇ ನಿಧಾನವಾಗಿ ಚಲಿಸುವುದರಿಂದ ಈ ಕಡಿತ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಆ ತಂತಿ ಕಾಯಬೇಕಾದರೆ ಡಬ್ಬಿಯ ಮೈ ಗಾಡಿಯ ಮೈಗೆ ಅರ್ಥ್ ಆಗಿರಲೇಬೇಕು. ಅರ್ಥ್ ತಪ್ಪಿದರೆ ತಂತಿ ಕಾಯುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ, ಬ್ಯಾಟರಿ ಹಾಗೂ ಡೈನಮೋದ ಪೂರ್ತಿ ವೋಲ್ಟೇಜ್ ಮೀಟರಿಗೆ ಹರಿಯುತ್ತದೆ. ನೀವು ಬಣ್ಣ ಹೊಡೆದೆ ಎಂದಿರಲ್ಲ, ನನ್ನ ಅನುಮಾನವೆಲ್ಲ ಆ ಬಣ್ಣದ ಮೇಲೆಯೇ. ಮೈಸೂರಿನಲ್ಲಿ ಹಳೆಯ ಬ್ರಿಟಿಷ್ ಗಾಡಿಗಳ ವೈರಿಂಗ್ ಮಾಡುತ್ತ ಬಂದಿದ್ದೇನೆ; ಬಣ್ಣ ಹೊಡೆದ ಮೇಲೆ ಅರ್ಥ್ ತಪ್ಪಿದ ಗಾಡಿಗಳನ್ನು ಸಾಕಷ್ಟು ನೋಡಿದ್ದೇನೆ.

ಪರೀಕ್ಷೆ ಸುಲಭ. ಸ್ಟೆಬಿಲೈಸರಿನಲ್ಲಿ ಹಸಿರು ತಂತಿ ಒಳಬರುವುದು, ತಿಳಿಹಸಿರಿನ ಮೇಲೆ ಹಸಿರು ಗೆರೆಯಿರುವುದು ಹೊರಹೋಗುವುದು. ಕೀ ಹಾಕಿ, ಹೊರಹೋಗುವ ಕಡೆಗೂ ಗಾಡಿಯ ಮೈಗೂ ನಡುವೆ ಸಣ್ಣ ಬಲ್ಬ್ ಹಿಡಿಯಿರಿ. ಸ್ಟೆಬಿಲೈಸರ್ ಸರಿಯಿದ್ದರೆ ಕೆಲವು ಸೆಕೆಂಡು ಉರಿದು ಆಮೇಲೆ ಮಿಣುಕತೊಡಗುತ್ತದೆ. ಒಂದೇ ಸಮನೆ ಉರಿದರೆ ರೋಗ ಸಿಕ್ಕಿತು ಎಂದರ್ಥ. ಮಲ್ಟಿಮೀಟರ್ ಬಳಸುವುದಾದರೆ ನಿಮ್ಮ ಗಾಡಿಯಲ್ಲಿ ಕೆಂಪು ಕಡ್ಡಿ ಮೈಗೆ, ಕಪ್ಪು ಕಡ್ಡಿ ತಂತಿಗೆ ಎಂಬುದು ನೆನಪಿರಲಿ.

ಗ್ಯಾರೇಜ್ ಗೆಳೆಯ:
ಹಳೆಯದನ್ನು ಕಿತ್ತು ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕಿಬಿಡಿ. ನನ್ನ ಗಾಡಿಗೆ ಹಾಕಿ ವರ್ಷಗಳಾದವು, ಮುಳ್ಳು ಅಲುಗಿಲ್ಲ.

ತಂತಿಗಂಟು:
ಹಾಕಬಹುದು, ಆದರೆ ಕೊಳ್ಳುವಾಗ ಎಚ್ಚರ. ಹಳೆಯ ಪಟ್ಟಿಯ ಸ್ಟೆಬಿಲೈಸರಿಗೆ ಪಾಸಿಟಿವ್, ನೆಗೆಟಿವ್ ಭೇದವಿಲ್ಲ. ಎಲೆಕ್ಟ್ರಾನಿಕ್‌ಗೆ ಇದೆ. ಇವರ ಗಾಡಿಗೆ ನೆಗೆಟಿವ್ ಅರ್ಥಿಂಗಿನದು ಹಾಕಿದರೆ ಹೊಸದೂ ಹಾಳು. ಅದಿರಲಿ, ಅರ್ಥ್ ಇಲ್ಲದ ಜಾಗದಲ್ಲಿ ಎಷ್ಟು ಹೊಸದನ್ನು ಹಾಕಿದರೂ ಪ್ರಯೋಜನವಿಲ್ಲ. ಮೊದಲು ಅದನ್ನು ನೋಡೋಣ.

ಹಸಿರುಮಿನಿ:
ಶನಿವಾರ ಬೆಳಗ್ಗೆ ಕುಳಿತು ನೋಡಿದೆ. ಬಲ್ಬ್ ಸ್ವಲ್ಪವೂ ಮಿಣುಕದೆ ಉರಿಯುತ್ತಲೇ ಇತ್ತು. ಬ್ಯಾಟರಿ ಸಂಪರ್ಕ ತೆಗೆದು ಸ್ಪೀಡೋಮೀಟರನ್ನು ಹೊರಗೆಳೆದೆ. ಅದರ ಬೆನ್ನಿನಲ್ಲಿ ಸ್ಟೆಬಿಲೈಸರ್ ಕೂರುವ ಜಾಗಕ್ಕೆ ನಾನೇ ಎರಡು ಕೋಟ್ ಕಪ್ಪು ಬಣ್ಣ ಬಳಿದಿದ್ದೆ, ಸ್ಕ್ರೂ ತೂತಿನೊಳಗೂ ಇಳಿದಿತ್ತು. ಮರಳು ಕಾಗದದಿಂದ ಉಜ್ಜಿ ಬಿಳಿ ಲೋಹ ಕಾಣಿಸಿದೆ. ಸ್ಕ್ರೂ ಅಡಿಯಲ್ಲಿ ಹಲ್ಲಿನ ವಾಷರ್ ಹಾಕಿ, ಅಲ್ಲಿಂದ ಗಾಡಿಯ ಮೈಗೆ ಪ್ರತ್ಯೇಕವಾಗಿ ಒಂದು ಕಪ್ಪು ತಂತಿಯನ್ನೂ ಎಳೆದೆ.

ಕೀ ಹಾಕಿದೆ. ಬಲ್ಬ್ ಉರಿಯಿತು, ಆರಿತು, ಮತ್ತೆ ಉರಿಯಿತು! ಇಪ್ಪತ್ತು ಮೈಲಿ ಓಡಿಸಿದರೂ ತಾಪದ ಮುಳ್ಳು ನಡುವಿನಲ್ಲೇ ನಿಂತಿದೆ. ಪೆಟ್ರೋಲ್ ಮುಳ್ಳು ಮಾತ್ರ ಟ್ಯಾಂಕ್ ಪೂರ್ತಿ ತುಂಬಿಸಿದರೂ 'ಎಫ್'ಗೆ ಕೂದಲೆಳೆಯಷ್ಟು ಕೆಳಗಿದೆ. ಮೀಟರಿನ ಬೆನ್ನಿನಲ್ಲಿ ಹೊಂದಿಸುವ ತೂತುಗಳಿವೆ, ತಿರುಗಿಸಲೇ?

ತಂತಿಗಂಟು:
ಬೇಡ, ಸರ್. ಅದು ಕೊನೆಯ ಕೆಲಸ, ಸುಲಭವಾಗಿ ಕೆಡುತ್ತದೆ. ಟ್ಯಾಂಕಿನ ಸೆಂಡರ್ ಖಾಲಿಯಲ್ಲಿ ಸುಮಾರು 250 ಓಮ್, ತುಂಬಿದಾಗ 20ರಿಂದ 30 ಓಮ್ ತೋರಿಸಬೇಕು. ಈಗ ಟ್ಯಾಂಕ್ ತುಂಬಿದೆಯಲ್ಲ, ಹಸಿರಿನ ಮೇಲೆ ಕಪ್ಪು ಗೆರೆಯ ತಂತಿ ಬಿಚ್ಚಿ ಸೆಂಡರಿನ ತುದಿಯನ್ನು ಅಳೆದುಬಿಡಿ. 30ರೊಳಗೆ ಇದ್ದರೆ ಹಾಗೆಯೇ ಬಿಡಿ. ಹೆಚ್ಚಿದ್ದರೆ ಮೊದಲು ಟ್ಯಾಂಕಿನ ಅರ್ಥ್ ನೋಡಿ. ಸೆಂಡರನ್ನೇ ಬಿಚ್ಚುವುದಾದರೆ, ಮಿನಿಯಲ್ಲಿ ಅದು ಟ್ಯಾಂಕಿನ ಪಕ್ಕದಲ್ಲಿದೆ. ಪೆಟ್ರೋಲ್ ಪೂರ್ತಿ ಖಾಲಿ ಮಾಡದೆ ಉಂಗುರ ತಿರುಗಿಸಿದರೆ ಡಿಕ್ಕಿಯೊಳಗೆ ಸುರಿಯುತ್ತದೆ. ಬ್ಯಾಟರಿಯೂ ಅಲ್ಲೇ ಪಕ್ಕದಲ್ಲಿದೆ, ಸಂಪರ್ಕ ಮೊದಲೇ ತೆಗೆದಿರಿ.

ಹಸಿರುಮಿನಿ:
ಅಳೆದೆ, 28 ಓಮ್. ಹಾಗೆಯೇ ಬಿಟ್ಟಿದ್ದೇನೆ.