ಸಹಾಯ ಬೇಕು: ರಾತ್ರಿ 11ಕ್ಕೆ ನನ್ನ ಫೋನಿಗೆ ಮಾತ್ರ ನೆಟ್ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ಜನಕ್ಕೂ ಒಂದೇ ವೈಫೈ. ತಮ್ಮ ಮಗ ರಾತ್ರಿಯಿಡೀ ಗೇಮ್ ಆಡಬಾರದು ಅಂತ ಅಕ್ಕ ರೂಟರ್‌ನಲ್ಲಿ 11 ಗಂಟೆಗೆ ನೆಟ್ ನಿಲ್ಲುವ ಹಾಗೆ ಇಟ್ಟಿದ್ದಾರೆ. ಅದು ಸರಿಯೇ, ಅದನ್ನು ತೆಗೆಯುವುದು ಬೇಡ. ಆದರೆ ನಾನು ಪರೀಕ್ಷೆಗೆ ಓದುವುದೇ 11ರ ಮೇಲೆ. ಅಕ್ಕನೇ ಒಪ್ಪಿ, ನನ್ನ ಲ್ಯಾಪ್‌ಟಾಪ್ ಮತ್ತು ಫೋನಿನ ಮ್ಯಾಕ್ ಅಡ್ರೆಸ್‌ಗಳಿಗೆ (ರೂಟರ್ ಪ್ರತಿ ಸಾಧನವನ್ನೂ ಗುರುತಿಸುವ ವಿಳಾಸ) ವಿನಾಯಿತಿ ಕೊಟ್ಟರು.

ಲ್ಯಾಪ್‌ಟಾಪ್‌ಗೆ ತೊಂದರೆ ಇಲ್ಲ. ಫೋನಿನಲ್ಲಿ ಮಾತ್ರ 11 ಆಯಿತೋ ಇಲ್ಲವೋ, ವೈಫೈ ಗುರುತಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಒಂದು ಪುಟವೂ ತೆರೆಯುವುದಿಲ್ಲ.

ನಿನ್ನೆ ರೂಟರ್‌ಗೆ ಸೇರಿಕೊಂಡಿರುವ ಸಾಧನಗಳ ಪಟ್ಟಿ ನೋಡಿದೆ. ನಾವು ಸೇರಿಸಿದ್ದು ಫೋನಿನ ಡಬ್ಬಿ ಮೇಲಿದ್ದ ಮ್ಯಾಕ್. ಪಟ್ಟಿಯಲ್ಲಿ ಇರುವುದು ಬೇರೆ, 'ಡಿಎ' ಅಂತ ಶುರುವಾಗುತ್ತದೆ. ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಫೋನ್ ತಾನೇ ಹುಟ್ಟಿಸಿಕೊಂಡ ವಿಳಾಸ (ರ‍್ಯಾಂಡಮ್ ಮ್ಯಾಕ್) ಅಂತೆ, ಆಂಡ್ರಾಯ್ಡ್ 10ರಿಂದ ಹೀಗೇ ಅಲ್ವಾ?

ಹಾಗಿದ್ದರೆ ನಮ್ಮ ಮನೆ ವೈಫೈಗೆ ಮಾತ್ರ ರ‍್ಯಾಂಡಮ್ ಮ್ಯಾಕ್ ಆಫ್ ಮಾಡಿದರೆ ಸಾಕಾ? 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿದೆ, ಎರಡರಲ್ಲೂ ಮಾಡಬೇಕಾ? ಸ್ನೇಹಿತರೊಬ್ಬರು ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಕಳಿಸುವ ಆ್ಯಪ್) ಹಾಕು ಅಂದರು. ನೆಟ್ಟೇ ನಿಂತ ಮೇಲೆ ಅದರಿಂದ ಏನೂ ಆಗುವುದಿಲ್ಲ, ಮತ್ತೆ ಅಕ್ಕನಿಗೆ ಗೊತ್ತಾಗದ ಹಾಗೆ ಏನನ್ನೂ ಮಾಡುವ ಮನಸ್ಸು ನನಗಿಲ್ಲ. ಗೊತ್ತಿರುವವರು ದಯವಿಟ್ಟು ತಿಳಿಸಿ, ಪರೀಕ್ಷೆ ಹತ್ತಿರ ಬಂತು.