ಹಳೇ ಬಿಬಿಸಿ ಮೈಕ್ರೋಗೆ ಹೊಸ ಪರದೆ: ಯಾರಾದರೂ ಜೋಡಿಸಿದ್ದೀರಾ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಅಟ್ಟ ಗುಡಿಸುವಾಗ ಬಿಬಿಸಿ ಮೈಕ್ರೋ ಕಂಪ್ಯೂಟರ್ ಸಿಕ್ಕಿತು. 1984ರಲ್ಲಿ ಶುರುವಾದ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದಿತ್ತಲ್ಲ, ಅದೇ. ಗುಜರಿಗೆ ಹೊರಟಿದ್ದನ್ನು ಮೇಷ್ಟ್ರಾಗಿದ್ದ ಅಪ್ಪ ಮನೆಗೆ ತಂದಿದ್ದರಂತೆ. ಆನ್ ಮಾಡಿದರೆ ಬೀಪ್ ಅನ್ನುತ್ತದೆ. ಕೇಬಲ್ ಮಾಡಿಸಿ ಎಲ್‌ಸಿಡಿ ಮಾನಿಟರ್‌ನ ವಿಜಿಎ ಸಾಕೆಟ್‌ಗೆ ಹಾಕಿದರೆ ‘ಔಟ್ ಆಫ್ ರೇಂಜ್’. ಕೆಟ್ಟಿದೆಯಾ?

ಕುವೆಂಪುನಗರದಿಂದ: ಕೆಟ್ಟಿಲ್ಲ. ಅದು ಸೆಕೆಂಡಿಗೆ 15,625 ಗೆರೆ ಬರೆಯುತ್ತದೆ, ಹಳೇ ಟಿವಿಯ ಲೆಕ್ಕ. ವಿಜಿಎಗೆ ಸುಮಾರು 31,500 ಬೇಕು. ಪಿನ್ ಎಷ್ಟೇ ಸರಿಯಾಗಿ ಜೋಡಿಸಿದರೂ ವೇಗ ಹೊಂದುವುದಿಲ್ಲ. ಮೂರು ಕೇಬಲ್ ಮಾಡಿಸಿ ದುಡ್ಡು ಕಳೆದ ಮೇಲೇ ನನ್ನ ತಲೆಗೆ ಇದು ಹೋಗಿದ್ದು! ಸದ್ಯಕ್ಕೆ ಏನೂ ಕೊಳ್ಳಬೇಡಿ. ಹಿಂದೆ ಗುಂಡಗೆ ಬಿಎನ್‌ಸಿ ಸಾಕೆಟ್ ಇದೆ ನೋಡಿ, ಅದರಿಂದ ಟಿವಿಯ ಹಳದಿ ಎವಿ ಜ್ಯಾಕ್‌ಗೆ ಒಂದು ತಂತಿ. ಕಪ್ಪು ಬಿಳುಪು ಬರುತ್ತದೆ, ಆದರೆ ಬರುತ್ತದೆ.

ಮಂಡ್ಯದಿಂದ: ನಾನು ಜಿಬಿಎಸ್ 8200 ಬೋರ್ಡ್ ಹಾಕಿದ್ದೆ. ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೇರೆಬೇರೆ ತಂತಿಯಲ್ಲಿ ಬರುವ ಸಿಗ್ನಲ್) ತೆಗೆದುಕೊಂಡು ವಿಜಿಎ ಕೊಡುತ್ತದೆ, ಅಗ್ಗ. ಆಟಕ್ಕೆ ಸಾಕು. ಆದರೆ 80 ಅಕ್ಷರದ ಸಾಲು ಓದಲು ಹೋದರೆ ಕಣ್ಣು ಉರಿ. ಇನ್ನೊಂದು ಎಚ್ಚರ: ಅದು 0.7 ವೋಲ್ಟಿನ ಅನಲಾಗ್ ಸಿಗ್ನಲ್ ಕಾಯುತ್ತಿರುತ್ತದೆ. ಹಳೇ ಐಬಿಎಂ ಪಿಸಿಯ ಸಿಜಿಎ ಕಾರ್ಡಿನಂಥವು ಕೊಡುವ ಟಿಟಿಎಲ್ (ಡಿಜಿಟಲ್) ಸಿಗ್ನಲ್ ಅದಕ್ಕಿಂತ ಬಹಳ ಜಾಸ್ತಿ. ನಡುವೆ ರೆಸಿಸ್ಟರ್ ಇಲ್ಲದೆ ಹಾಗೇ ಚುಚ್ಚಬೇಡಿ.

ವಿಜಯನಗರದಿಂದ: ಬೆಸುಗೆ ಬರುತ್ತದೆ ಅಂದರೆ ಆರ್‌ಜಿಬಿ ಟು ಎಚ್‌ಡಿಎಂಐ ಅನ್ನೋ ಪರಿವರ್ತಕ ಮಾಡಿಕೊಳ್ಳಿ. ಒಂದು ರಾಸ್ಪ್‌ಬೆರಿ ಪೈ ಜೀರೋ (ಪುಟಾಣಿ ಕಂಪ್ಯೂಟರ್), ಮೇಲೊಂದು ಚಿಕ್ಕ ಬೋರ್ಡ್, ಅಷ್ಟೇ. ಬಿಬಿಸಿಯ ಎಂಟು ಬಣ್ಣವನ್ನು ನೇರ ಡಿಜಿಟಲ್ಲಾಗೇ ಓದುವುದರಿಂದ ಅಕ್ಷರ ಕೊರೆದಂತೆ ಬರುತ್ತವೆ. ನನ್ನ ಮಟ್ಟಿಗೆ ಇದರ ಮುಂದೆ ಬೇರೆಲ್ಲ ಸುಮ್ನೆ.
ಅಂದಹಾಗೆ, ಪವರ್ ಸಪ್ಲೈ ತೆರೆಸಿ ನೋಡಿದ್ದೀರಾ? ಅದರೊಳಗಿನ ಮೇನ್ಸ್ ಫಿಲ್ಟರ್ ಕೆಪಾಸಿಟರ್ ಹಳತಾದರೆ ಸೀಳಿ ಹೊಗೆಯಾಡುತ್ತದೆ. ನಮ್ಮ ಮನೆಯಲ್ಲಿ ರಾತ್ರಿಯೆಲ್ಲ ಕಮಟು ವಾಸನೆ. ಅದನ್ನು ಬದಲಿಸುವ ತನಕ ಆನ್ ಮಾಡಬೇಡಿ.

ಸರಸ್ವತಿಪುರಂ, ಎರಡು ವಾರದ ಮೇಲೆ: ಕೆಪಾಸಿಟರ್ ಬದಲಾಯಿತು, ಹಳತರ ಮೈಮೇಲೆಲ್ಲ ಬಿರುಕು. ಟಿವಿಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಬಂತು! ಮೇಲಿನ ಸಾಲು ಮಾತ್ರ ಅರ್ಧ ಕತ್ತರಿಸಿದೆ.

ಕುವೆಂಪುನಗರ: ನಕ್ಷತ್ರದ ಗುರುತು ಹಾಕಿ ‘ಟಿವಿ 255’ ಅಂತ ಕೊಡಿ, ಆಮೇಲೆ ‘ಮೋಡ್ 7’. ಇಡೀ ಚಿತ್ರ ಒಂದು ಸಾಲು ಕೆಳಗಿಳಿಯುತ್ತದೆ.