ನಿರುದ್ಯೋಗ 3.2% ಅಂತ ವರದಿ, ಊರಲ್ಲಿ ನಾಲ್ಕು ತಿಂಗಳು ಕೆಲಸವೇ ಇಲ್ಲ: ಪಿಎಲ್‌ಎಫ್‌ಎಸ್ ಡೇಟಾದಿಂದ ಅರೆ ಉದ್ಯೋಗ ತೆಗೆಯೋದು ಹೇಗೆ?

ಕರಿನೆಲ:
ಕಲಬುರಗಿ ಕಡೆಯ ಒಣಬೇಸಾಯದ ಹಳ್ಳಿಗಳ ಉದ್ಯೋಗದ ಬಗ್ಗೆ ಒಂದು ಟಿಪ್ಪಣಿ ತಯಾರಾಗ್ತಿದೆ. ಕೇಂದ್ರದ ಕಾರ್ಮಿಕ ಸಮೀಕ್ಷೆ (ಪಿಎಲ್‌ಎಫ್‌ಎಸ್) 2023-24ರ ವಾರ್ಷಿಕ ವರದಿಯಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ ದೇಶಕ್ಕೆ 3.2%, ಗ್ರಾಮೀಣ ಭಾಗಕ್ಕೆ 2.5%. 2017-18ರಲ್ಲಿ ದೇಶದ ದರ 6.0% ಇತ್ತು. ಅಂದರೆ ಅರ್ಧಕ್ಕೆ ಇಳಿದಿದೆ. ಆದರೆ ಅದೇ ಅವಧಿಯಲ್ಲಿ ಕೃಷಿಯಲ್ಲಿ ದುಡಿಯುವವರ ಪಾಲು 44.1%ನಿಂದ 46.1%ಕ್ಕೆ ಏರಿದೆ. ತೊಗರಿ ರಾಶಿ ಮುಗಿದ ಮೇಲೆ ಫೆಬ್ರವರಿಯಿಂದ ಮೇ ತನಕ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸ ಇರಲ್ಲ. ಈ ಜನರನ್ನು ಸಮೀಕ್ಷೆ ಎಲ್ಲಿ ಲೆಕ್ಕ ಹಾಕುತ್ತೆ? ಪ್ರಕಟವಾದ ಕೋಷ್ಟಕ ಬಿಟ್ಟು ಮೂಲ ಡೇಟಾದಿಂದಲೇ ಅರೆ ಉದ್ಯೋಗದ ದರ ತೆಗೆಯೋಕೆ ಆಗುತ್ತಾ? ಜಿಲ್ಲಾ ಮಟ್ಟದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಕೋಷ್ಟಕ_ಪ್ರಿಯ:
ಮೊದಲು ಆ 3.2% ಯಾವುದು ಅಂತ ನೋಡಿ. ಅದು ವಾಡಿಕೆ ಸ್ಥಿತಿಯ ದರ, ಮುಖ್ಯ ಮತ್ತು ಉಪ ಚಟುವಟಿಕೆ ಎರಡನ್ನೂ ಸೇರಿಸಿದ್ದು. ಹಿಂದಿನ 365 ದಿನ ಹಿಡಿದು ಹೆಚ್ಚು ಕಾಲ ಏನು ಮಾಡಿದ ಅಂತ ನೋಡುತ್ತಾರೆ. ಆಮೇಲೆ, ವರ್ಷದಲ್ಲಿ 30 ದಿನ ಅಥವಾ ಹೆಚ್ಚು ಯಾವುದಾದರೂ ಆರ್ಥಿಕ ಚಟುವಟಿಕೆ ಮಾಡಿದ್ದರೆ ಅವನೂ ಉದ್ಯೋಗಿ.

ನಿಮ್ಮ ಹಳ್ಳಿಯ ಒಬ್ಬ ಕೂಲಿಯನ್ನೇ ತಗೊಳ್ಳಿ. 3 ತಿಂಗಳು ಕಳೆ, ಕೊಯ್ಲು, ರಾಶಿ ಅಂತ ಕೆಲಸ. 5 ತಿಂಗಳು ಕೆಲಸಕ್ಕೆ ಸಿದ್ಧ, ಸಿಗಲಿಲ್ಲ. 4 ತಿಂಗಳು ಹುಡುಕಲೂ ಇಲ್ಲ, ಮನೆಯಲ್ಲೇ. ದುಡಿಮೆಯ ಬಲದೊಳಗೆ (ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಬೇಕೆನ್ನುವವರ ಗುಂಪಿನಲ್ಲಿ) ಇದ್ದದ್ದು 8 ತಿಂಗಳು, ಹೊರಗೆ 4. ಹಾಗಾಗಿ ಒಳಗೆ. ಒಳಗಿನ 8ರಲ್ಲಿ 5 ನಿರುದ್ಯೋಗ, 3 ಕೆಲಸ. ಹಾಗಾಗಿ ಮುಖ್ಯ ಸ್ಥಿತಿ ನಿರುದ್ಯೋಗಿ. ಇಲ್ಲಿಗೆ ನಿಂತಿದ್ದರೆ ಸರಿಯಿತ್ತು. ಆದರೆ ಆ 3 ತಿಂಗಳು 30 ದಿನಕ್ಕಿಂತ ಜಾಸ್ತಿ, ಉಪ ಸ್ಥಿತಿಯಲ್ಲಿ ಉದ್ಯೋಗಿ ಅಂತ ಬರುತ್ತಾನೆ, ಎರಡೂ ಸೇರಿಸಿದ ಲೆಕ್ಕದಲ್ಲಿ ನಿರುದ್ಯೋಗಿಗಳ ಪಟ್ಟಿಯಿಂದ ಮಾಯ. ಸುಳ್ಳು ಲೆಕ್ಕ ಅನ್ನೋಕೆ ಬರಲ್ಲ. ವರ್ಷದಲ್ಲಿ ಸ್ವಲ್ಪವಾದರೂ ದುಡಿಮೆ ಇದ್ದವರೆಷ್ಟು ಅನ್ನುವ ಪ್ರಶ್ನೆಗೆ ಅದು ಸರಿಯಾದ ಉತ್ತರ. ಕೆಲಸ ಸಾಕಷ್ಟಿತ್ತಾ ಅನ್ನೋ ಪ್ರಶ್ನೆಗೆ ಅಲ್ಲ.

ಚಾಲ್ತಿ ವಾರದ ಸ್ಥಿತಿ ಇನ್ನೊಂದು. ಸಮೀಕ್ಷೆಗೆ ಹಿಂದಿನ 7 ದಿನದಲ್ಲಿ ಯಾವುದಾದರೂ ಒಂದು ದಿನ 1 ಗಂಟೆ ಕೆಲಸ ಮಾಡಿದ್ದರೆ ಉದ್ಯೋಗಿ. ಇದರ ಪ್ರಕಾರ 2023-24ರ ದರ 4.9%. 2025ರ ಏಪ್ರಿಲ್‌ನಿಂದ ಬರುತ್ತಿರುವ ಮಾಸಿಕ ಬುಲೆಟಿನ್ನೂ ಈ ವಾರದ ಸ್ಥಿತಿಯದ್ದೇ. ಆ ಏಪ್ರಿಲ್‌ನಲ್ಲಿ 5.1% ಇತ್ತು. ಪತ್ರಿಕೆಗಳು ಈ 5.1ನ್ನು ಹಳೆಯ 3.2ರ ಪಕ್ಕ ಇಟ್ಟು "ಏರಿಕೆ" ಅಂತ ಬರೆದರೆ ನಂಬಬೇಡಿ, ಅಳತೆಗೋಲೇ ಬೇರೆ.

ಮೂರನೆಯದು ಚಾಲ್ತಿ ದಿನದ ಸ್ಥಿತಿ. ನಿರುದ್ಯೋಗದ ಅಂದಾಜು ಹೇಗಿರಬೇಕು ಅಂತ ನೋಡಿದ ದಾಂತ್ವಾಲಾ ಸಮಿತಿಯ ವರದಿಯ ನಂತರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 1972-73ರ 27ನೇ ಸುತ್ತಿನಿಂದ ಬಂದದ್ದು. ಇಲ್ಲಿ ವ್ಯಕ್ತಿಯನ್ನಲ್ಲ, ದಿನವನ್ನು ಎಣಿಸುತ್ತಾರೆ. ದಿನಕ್ಕೆ 4 ಗಂಟೆ ಮೇಲೆ ಪೂರ್ತಿ ದಿನ, 1ರಿಂದ 4 ಗಂಟೆಯೊಳಗೆ ಅರ್ಧ ದಿನ. ಸೋಮವಾರ 8 ಗಂಟೆ, ಮಂಗಳವಾರ 3 ಗಂಟೆ ಕೆಲಸ, ಉಳಿದ ದಿನ ಸಿದ್ಧವಿದ್ದರೂ ಕೆಲಸವಿಲ್ಲ ಅಂದುಕೊಳ್ಳಿ. ವಾರದ ಲೆಕ್ಕದಲ್ಲಿ ಈತ ಪೂರ್ಣ ಉದ್ಯೋಗಿ. ದಿನದ ಲೆಕ್ಕದಲ್ಲಿ 1.5 ದಿನ ಉದ್ಯೋಗ, 5.5 ದಿನ ನಿರುದ್ಯೋಗ. ಒಬ್ಬನೇ ಮನುಷ್ಯ, ಒಂದೇ ವಾರ. ನಿಮ್ಮ ಟಿಪ್ಪಣಿಗೆ ಬೇಕಾದದ್ದು ಇದು.

ತೊಗರಿ_ರಾಶಿ:
ಕೋಷ್ಟಕ ಅವರು ಹೇಳಿದ್ದು ಖರೆ ಅದ. ಆದ್ರ ಹೆಣ್ಮಕ್ಕಳ ಲೆಕ್ಕಾ ಬಿಟ್ರ ಅರ್ಧಾ ಕಥಿ ಬಿಟ್ಟಂಗ.

ಸಮೀಕ್ಷೆದಾಗ ಪ್ರತಿಯೊಬ್ಬರ ಚಟುವಟಿಕಿಗೂ ಒಂದು ಕೋಡ್ ಹಾಕ್ತಾರ. ಅದರಾಗ ಕೋಡ್ 21 ನೋಡ್ರಿ. ಮನಿ ಹೊಲ, ಮನಿ ಅಂಗಡ್ಯಾಗ ಪಗಾರ ಇಲ್ದ ದುಡಿಯೋರು. ದೇಶದ ಒಟ್ಟು ದುಡಿಯೋರೊಳಗ ಇವರ ಪಾಲು 2017-18ರಾಗ 13.6% ಇತ್ತು, 2023-24ರಾಗ 19.4%. ಐದು ಮಂದ್ಯಾಗ ಒಬ್ರು, ಕೈಗೆ ಒಂದು ರೂಪಾಯಿ ಬರಂಗಿಲ್ಲ, ಆದ್ರೂ "ಉದ್ಯೋಗಿ". ದುಡಿಮೆಯ ಬಲದಾಗ ಗ್ರಾಮೀಣ ಮಹಿಳೆಯರ ಭಾಗವಹಿಸುವಿಕೆ 24.6%ದಿಂದ 47.6%ಕ್ಕೆ ಹೋಯ್ತು ಅಂತ ಜಾಹೀರು ಮಾಡ್ತಾರಲ್ಲ, ಅದರೊಳಗ ಈ 21 ಎಷ್ಟು, ಸ್ವಂತ ದುಡಿಮಿ 11 ಎಷ್ಟು, ಪಗಾರದ ಕೆಲಸ 31 ಎಷ್ಟು ಅಂತ ಬಿಡಿಸಿ ಹಾಕ್ರಿ. ಬಿಡಿಸದ ಒಟ್ಟು ಅಂಕಿಗೆ ಅರ್ಥ ಇಲ್ಲ.

ಇಲ್ಲೊಂದು ಸೂಕ್ಷ್ಮ ಅದ. ಮನ್ಯಾಗ ಒಂದು ಎಮ್ಮಿ ಅದ, ಹಾಲು ಮನೀಗೇ ಸಾಲ್ತದ. ನಮ್ಮ ಸಮೀಕ್ಷೆ ಪ್ರಕಾರ ಸ್ವಂತ ಬಳಕೆಗೆ ಬೆಳೆ, ಹಾಲು ಇಂಥಾ ಪ್ರಾಥಮಿಕ ಉತ್ಪನ್ನ ಮಾಡೋದೂ ಆರ್ಥಿಕ ಚಟುವಟಿಕೆ. ಎಮ್ಮಿ ನೋಡಿಕೊಳ್ಳಾಕಿ ಉದ್ಯೋಗಿ ಆಗ್ತಾಳ. ಅದೇ ಹಾಲನ್ನ ಹೆಪ್ಪು ಹಾಕಿ ಮನೀಗೆ ಬೆಣ್ಣಿ ತಗದ್ರ ಅದು ಮನಿಗೆಲಸ. ಗಣತಿದಾರ "ಮತ್ತ ಏನೇನು ಮಾಡ್ತೀರವ್ವಾ" ಅಂತ ಕೆದಕಿ ಕೇಳಿದ್ರ 21, ಕೇಳ್ಲಿಲ್ಲಂದ್ರ ಮನಿಗೆಲಸದ ಕೋಡ್ 92 ಅಥವಾ 93. ಆಕಿ ಬಾಳ್ವೆದಾಗ ಏನೂ ಬದಲಾಗಿಲ್ಲ, ಕೋಡ್ ಬದಲಾಗ್ತದ. 2013ರ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ನಿರ್ಣಯದ ಪ್ರಕಾರ ಮುಖ್ಯವಾಗಿ ಸ್ವಂತ ಬಳಕೆಗೇ ಮಾಡಿದ ಉತ್ಪಾದನೆ ಉದ್ಯೋಗ ಅಲ್ಲ, ಅದು ಬ್ಯಾರೆ ನಮೂನಿ ದುಡಿಮೆ. ನಾವು ಆ ಗೆರಿ ಇನ್ನೂ ಹಾಕಿಲ್ಲ. ಹಂಗಾಗಿ ಹೊರದೇಶದ ದರದ ಜೋಡಿ ನಮ್ಮ ದರ ಹೋಲಿಸೋದು ಬ್ಯಾಡ.

ಗುಳೆ ಹೋದವರದ್ದು ಇನ್ನೊಂದು ಗೋಳು. 6 ತಿಂಗಳ ಒಳಗ ಹೊರಗಿದ್ದವರನ್ನ ಊರಿನ ಮನಿ ಸದಸ್ಯರು ಅಂತನೇ ಹಿಡೀತಾರ. ಮಗ ಬೆಂಗಳೂರಾಗ ಗಾರೆ ಕೆಲಸಕ್ಕ ಹೋಗ್ಯಾನ, ಊರಾಗ ಮುದುಕ ಅಪ್ಪ ಉತ್ತರ ಕೊಡ್ತಾನ. ಆ ವಾರ ಮಗನಿಗೆ 5 ದಿನ ಕೆಲಸ ಸಿಕ್ತೋ 2 ದಿನ ಸಿಕ್ತೋ ಅಪ್ಪಗ ಹೆಂಗ ಗೊತ್ತಾಗಬೇಕು? "ಕೆಲಸಕ್ಕ ಹೋಗ್ಯಾನ್ರಿ" ಅಂತಾನ, ಏಳೂ ದಿನ 8 ತಾಸು ಬೀಳ್ತದ. ಇಡೀ ಕುಟುಂಬನೇ ಹೋಗಿ ಬೀಗ ಬಿದ್ದಿದ್ರಂತೂ ಲೆಕ್ಕಕ್ಕ ಬರೋದೇ ಕಷ್ಟ.

ಭಾರಾಂಕ:
ಮೂಲ ಡೇಟಾದಿಂದ ತೆಗೆಯೋ ವಿಧಾನ, 2023-24ರ ತನಕದ ಫೈಲ್‌ಗಳಿಗೆ:

ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ ಮೊದಲ ಭೇಟಿಯ ವ್ಯಕ್ತಿ ಫೈಲ್ ಇಳಿಸಿಕೊಳ್ಳಿ. ಅದು ಸ್ಥಿರ ಅಗಲದ ಪಠ್ಯ ಫೈಲ್, ಜೊತೆಗಿರೋ ಲೇಔಟ್ ಎಕ್ಸೆಲ್ ನೋಡಿ ಬೈಟ್ ಸ್ಥಾನ ಕೊಟ್ಟೇ ಓದಿಸಬೇಕು. ಮೊದಲ ತಪ್ಪು ಆಗೋದು ಭಾರದಲ್ಲಿ, ಅಂದರೆ ಮಾದರಿಯ ಒಬ್ಬರು ಎಷ್ಟು ಜನರ ಪರವಾಗಿ ಎಣಿಕೆಯಾಗ್ತಾರೆ ಅನ್ನೋ ಮಲ್ಟಿಪ್ಲೈಯರ್‌ನಲ್ಲಿ. ಎನ್‌ಎಸ್‌ಎಸ್ ಮತ್ತು ಎನ್‌ಎಸ್‌ಸಿ ಎರಡು ಕಾಲಂ ಸಮವಾಗಿದ್ದರೆ ಮಲ್ಟಿಪ್ಲೈಯರನ್ನು 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಿ. ವರ್ಷದ ಅಂದಾಜಿಗೆ ತ್ರೈಮಾಸಿಕಗಳ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಿ. ಇದು ಬಿಟ್ಟರೆ ದೇಶದ ಜನಸಂಖ್ಯೆ ನೂರಾರು ಪಟ್ಟು ಬರುತ್ತೆ. ಹಾಗೆ ಬಂದರೆ ತಪ್ಪು ತಕ್ಷಣ ಗೊತ್ತಾಗುತ್ತೆ. 200ರ ನಿಯಮ ಮಾತ್ರ ಮರೆತರೆ ಒಟ್ಟು ಮೊತ್ತ ಹಿಗ್ಗುತ್ತೆ, ದರವೂ ವಾಲಬಹುದು. ಮುಂದೆ ಹೋಗುವ ಮೊದಲು ಪ್ರಕಟಿತ 4.9% ನಿಮ್ಮ ಕೋಡ್‌ನಲ್ಲೂ ಬರುತ್ತಾ ನೋಡಿ. ಬರದಿದ್ದರೆ ಅಲ್ಲೇ ನಿಲ್ಲಿ.

ನಂತರ ವಾರದ ಸ್ಥಿತಿಯ ಕೋಡ್ 11ರಿಂದ 72 ಉದ್ಯೋಗಿಗಳು, 81 ಮತ್ತು 82 ನಿರುದ್ಯೋಗಿಗಳು. ಏಳು ದಿನಕ್ಕೂ ಪ್ರತ್ಯೇಕವಾಗಿ "ನಿಜವಾಗಿ ಕೆಲಸ ಮಾಡಿದ ಗಂಟೆ" ಮತ್ತು "ಹೆಚ್ಚುವರಿ ಕೆಲಸಕ್ಕೆ ಲಭ್ಯವಿದ್ದ ಗಂಟೆ" ಅಂತ ಎರಡು ಕಾಲಂ ಇವೆ. ಎರಡನ್ನೂ ವಾರಕ್ಕೆ ಕೂಡಿಸಿ. ಗಂಟೆ ಮಿತಿಗಿಂತ ಕಡಿಮೆ, ಹೆಚ್ಚುವರಿ ಲಭ್ಯತೆ ಸೊನ್ನೆಗಿಂತ ಹೆಚ್ಚು, ಇವೆರಡೂ ಇದ್ದವರು ಸಮಯ ಆಧಾರಿತ ಅರೆ ಉದ್ಯೋಗಿಗಳು. ಇವರನ್ನು ನಿರುದ್ಯೋಗಿಗಳ ಜೊತೆ ಕೂಡಿಸಿ ಒಟ್ಟು ದುಡಿಮೆಯ ಬಲದಿಂದ ಭಾಗಿಸಿದರೆ ಐಎಲ್‌ಒ ಹೇಳುವ ಎಲ್‌ಯು2.

ಜನ ಎಡವೋದು ಎರಡು ಕಡೆ. ಕೋಡ್ 61, 62, 71, 72 ಅಂದರೆ ಕೆಲಸ ಇದೆ, ಆ ವಾರ ಮಾಡಿಲ್ಲ. ಗಂಟೆ ಸೊನ್ನೆ, ಆದರೂ ಉದ್ಯೋಗಿ. ಜ್ವರ ಬಂದು ಮಲಗಿದವರನ್ನು (61, 71) ಅರೆ ಉದ್ಯೋಗಕ್ಕೆ ಸೇರಿಸೋದು ತಪ್ಪು. ಆದರೆ 62 ಮತ್ತು 72, ಅಂದರೆ "ಇತರೆ ಕಾರಣ", ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ವ್ಯಾಪಾರವಿಲ್ಲದೆ ಬಾಗಿಲು ಹಾಕಿದ ಅಂಗಡಿಯವನೂ, ರಜೆ ಹಾಕಿದವನೂ ಅಲ್ಲೇ ಇರುತ್ತಾರೆ.

ಎರಡನೆಯದು ಕೋಡ್ 82: ಹುಡುಕಲಿಲ್ಲ, ಆದರೆ ಸಿಕ್ಕಿದ್ದರೆ ಮಾಡಲು ಸಿದ್ಧ. ಐಎಲ್‌ಒ ಇವರನ್ನು ನಿರುದ್ಯೋಗದ ಹೊರಗೆ, ಸಂಭಾವ್ಯ ದುಡಿಮೆಯ ಬಲ ಅಂತ ಇಡುತ್ತೆ. ನಮ್ಮಲ್ಲಿ ಅವರು ಆಗಲೇ ನಿರುದ್ಯೋಗಿಗಳ ಒಳಗಿದ್ದಾರೆ. ಸಂಭಾವ್ಯ ದುಡಿಮೆಯ ಬಲವನ್ನೂ ಕೂಡಿಸುವ ಐಎಲ್‌ಒದ ಎಲ್‌ಯು3, ಎಲ್‌ಯು4 ದರ ಮಾಡುವಾಗ ಮತ್ತೆ ಸೇರಿಸಿದರೆ ಅದೇ ತಲೆ ಎರಡು ಸಲ ಎಣಿಸಿದ ಹಾಗೆ. "ಹತಾಶರಾಗಿ ಹುಡುಕೋದು ಬಿಟ್ಟವರು ಭಾರತದ ಲೆಕ್ಕದಲ್ಲೇ ಇಲ್ಲ" ಅನ್ನೋ ವಾದ ಅದಕ್ಕೇ ಅರ್ಧ ಸರಿ. ನಿಯಮದಲ್ಲಿ ಜಾಗ ಇದೆ. ಧಾರವಾಡದಲ್ಲಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗನ ಬಗ್ಗೆ ಮನೆಯವರು "ಓದ್ತಾ ಇದಾನೆ" ಅಂದುಬಿಟ್ಟರೆ ಆ ಜಾಗಕ್ಕೆ ಅವನು ಬರೋದೇ ಇಲ್ಲ.

ಕರಿನೆಲ:
ಇಬ್ಬರಿಗೂ, ಮೊದಲು ಬರೆದವರಿಗೂ ಧನ್ಯವಾದ. ಗಂಟೆಯ ಮಿತಿ ಎಷ್ಟು ಇಡಬೇಕು? ಕಲಬುರಗಿಗೆ ಪ್ರತ್ಯೇಕ ದರ ಕೊಡಬಹುದಾ? ಇನ್ನು, ಪ್ರಚ್ಛನ್ನ ನಿರುದ್ಯೋಗಕ್ಕೆ ಈ ಡೇಟಾ ಸಾಲಲ್ಲ ಅನ್ನಿಸುತ್ತೆ. ಒಬ್ಬರು ಮಾಡೋ ಕೆಲಸ ಮೂವರು ಹಂಚಿಕೊಂಡಾಗ ಮೂವರೂ "ಹೊಲದಲ್ಲಿದ್ದೆ" ಅಂತಲೇ ಹೇಳ್ತಾರೆ.

ಭಾರಾಂಕ:
ಮಿತಿಯನ್ನು ಐಎಲ್‌ಒ ಆಯಾ ದೇಶಕ್ಕೆ ಬಿಟ್ಟಿದೆ. 36 ಮತ್ತು 48, ಎರಡಕ್ಕೂ ಲೆಕ್ಕ ಹಾಕಿ ಎರಡನ್ನೂ ಪ್ರಕಟಿಸಿ. ಒಂದೇ ಮಿತಿ ಕೊಟ್ಟರೆ ಬೇಕಾದ ಉತ್ತರಕ್ಕೆ ತಕ್ಕಂತೆ ಆರಿಸಿದ್ದಾರೆ ಅನ್ನೋ ಮಾತು ಬರುತ್ತೆ.

ಜಿಲ್ಲೆಗೆ ಕೊಡಬೇಡಿ. 2023-24ರಲ್ಲಿ ಇಡೀ ದೇಶಕ್ಕೆ 1,01,957 ಮನೆಗಳು. ಅದರಲ್ಲಿ ಒಂದು ಜಿಲ್ಲೆಯ ಗ್ರಾಮೀಣ ಪಾಲು ತೀರಾ ಸಣ್ಣದು, ಅದನ್ನು ವಯಸ್ಸು, ಲಿಂಗ ಅಂತ ಒಡೆದರೆ ಉಳಿಯೋದು ಬೆರಳೆಣಿಕೆ. 2025ರ ಜನವರಿಯಿಂದ ಮಾದರಿ ಆಯ್ಕೆಗೆ ಜಿಲ್ಲೆಯೇ ಮೂಲ ಘಟಕ, ಆದರೂ ದೋಷದ ಪ್ರಮಾಣ ನೋಡದೆ ಅಂಕಿ ಹಾಕಬೇಡಿ. ಅದಕ್ಕಿಂತ ಕರ್ನಾಟಕ ಗ್ರಾಮೀಣದ ಡೇಟಾವನ್ನು ನಾಲ್ಕು ತ್ರೈಮಾಸಿಕಗಳಾಗಿ ಒಡೆದು ನೋಡಿ. ಹಳೆಯ ವಿನ್ಯಾಸದಲ್ಲಿ ಹಳ್ಳಿಯ ಮನೆಗೆ ಒಂದೇ ಭೇಟಿ, ಆದರೆ ಮಾದರಿ ವರ್ಷಪೂರ್ತಿ ಹರಡಿರುತ್ತೆ. ಅಕ್ಟೋಬರ್–ಡಿಸೆಂಬರ್ ಮತ್ತು ಏಪ್ರಿಲ್–ಜೂನ್ ನಡುವಿನ ಗಂಟೆಗಳ ವ್ಯತ್ಯಾಸವೇ ನಿಮ್ಮ ಟಿಪ್ಪಣಿಯ ಮುಖ್ಯ ಕೋಷ್ಟಕ ಆಗಬಹುದು.

ಕೋಷ್ಟಕ_ಪ್ರಿಯ:
ಪ್ರಚ್ಛನ್ನ ನಿರುದ್ಯೋಗಕ್ಕೆ ಬೇರೆ ದಾರಿ. ಕೃಷಿ ಸಚಿವಾಲಯದ ಸಾಗುವಳಿ ವೆಚ್ಚದ ಅಧ್ಯಯನದಲ್ಲಿ ಬೆಳೆವಾರು, ರಾಜ್ಯವಾರು, ಹೆಕ್ಟೇರಿಗೆ ಎಷ್ಟು ಮಾನವ ಗಂಟೆ ಬೇಕಾಯಿತು ಅಂತ ಸಿಗುತ್ತೆ. ಲೆಕ್ಕದ ಬಗೆ ತೋರಿಸೋಕೆ ಮಾತ್ರ ಹೆಕ್ಟೇರಿಗೆ 400 ಗಂಟೆ ಅಂತ ಇಟ್ಟುಕೊಳ್ಳಿ. 2 ಹೆಕ್ಟೇರಿಗೆ 800 ಗಂಟೆ, 8 ಗಂಟೆಯ ದಿನ ಹಿಡಿದರೆ 100 ಮಾನವ ದಿನ. ಮನೆಯಲ್ಲಿ ಮೂವರು, ತಿಂಗಳಿಗೆ 25 ದಿನ ಅಂದರೆ ವರ್ಷಕ್ಕೆ 900. ಉಳಿದ 800 ದಿನವನ್ನು ನೇರವಾಗಿ "ಹೆಚ್ಚುವರಿ" ಅಂತ ಬರೆಯೋ ಆಸೆ ಆಗುತ್ತೆ. ಬರೆಯಬೇಡಿ. ಆ 100ರಲ್ಲಿ ಬಹುಪಾಲು ಕಳೆ ಮತ್ತು ಕೊಯ್ಲಿನ ಕೆಲವೇ ವಾರಗಳಲ್ಲಿ ಬೀಳುತ್ತೆ, ಆಗ ಮೂವರೂ ಸಾಲದೆ ಆಳು ಕರೆಯುತ್ತಾರೆ. ತಿಂಗಳುವಾರು ಹಂಚಿ, ಪ್ರತಿ ತಿಂಗಳ ಬೇಡಿಕೆ ಮತ್ತು ಲಭ್ಯತೆ ಬೇರೆ ಬೇರೆ ತೋರಿಸಿ. ದನಕರು, ಕೂಲಿ, ಖಾತ್ರಿ ಕೆಲಸದ ದಿನಗಳನ್ನು ಕಳೆಯೋದು ಮರೆಯಬೇಡಿ.

ಪಕ್ಕಾ ಉದಾಹರಣೆ ಬೇಕಿದ್ದರೆ 2020 ನೋಡಿ. ಏಪ್ರಿಲ್–ಜೂನ್‌ನಲ್ಲಿ ನಗರದ ವಾರದ ಸ್ಥಿತಿಯ ನಿರುದ್ಯೋಗ ಸುಮಾರು 21%. ಆ ತ್ರೈಮಾಸಿಕವನ್ನೂ ಒಳಗೊಂಡ 2019-20ರ (ಸಮೀಕ್ಷೆಯ ವರ್ಷ ಜುಲೈ–ಜೂನ್) ವಾಡಿಕೆ ದರ 4.8%, ಹಿಂದಿನ ವರ್ಷದ 5.8%ಗಿಂತ ಕಡಿಮೆ! ಅದೇ ವರ್ಷ ಕೃಷಿಯ ಪಾಲು 42.5%ನಿಂದ 45.6%ಕ್ಕೆ ಏರಿತು. ವಾಪಸ್ ಬಂದವರನ್ನು ಮನೆ ಹೊಲ ಹಿಡಿಸಿಕೊಂಡಿತು.

ತೊಗರಿ_ರಾಶಿ:
ಒಂದೆರಡು ಹಳ್ಳಿಯೊಳಗ ನೀವೇ ಸಣ್ಣ ಸಮೀಕ್ಷೆ ಮಾಡೋದಾದ್ರ: "ಕೆಲಸ ಅದ ಏನ್ರಿ" ಅಂತ ಕೇಳಬ್ಯಾಡ್ರಿ, ಎಲ್ಲಾರೂ ಹೌದು ಅಂತಾರ. ಏಳು ದಿನಕ್ಕ ಏಳು ಚೌಕ ಇರೋ ಹಾಳಿ ಮಾಡ್ಕೊಳ್ರಿ, ನಿನ್ನಿಯಿಂದ ಹಿಂದಕ್ಕ ಹೋಗ್ರಿ. ನಿನ್ನಿ ಮುಂಜಾನೆ ಎಲ್ಲಿದ್ರಿ, ಎಷ್ಟು ತಾಸು, ಕೂಲಿ ಎಷ್ಟು, ಮಧ್ಯಾಹ್ನ ಮ್ಯಾಲ ಏನು. ಆಮ್ಯಾಲ "ಇನ್ನೂ ಕೆಲಸ ಸಿಕ್ಕಿದ್ರ ಹೋಗ್ತಿದ್ರೇನು, ಎಷ್ಟು ಕೂಲಿಗೆ?" ಕೂಲಿ ಕೇಳದೇ ಬಿಟ್ರ ಆ ಉತ್ತರಕ್ಕ ಬೆಲಿ ಇಲ್ಲ. ಯಜಮಾನನ್ನ ಅಲ್ಲ, ಆಯಾ ಮನುಷ್ಯಾನ್ನೇ ಕೇಳ್ರಿ, ಅತ್ತಿ ಮುಂದ ಸೊಸಿನ್ನ ಕೇಳಬ್ಯಾಡ್ರಿ. ಜಾತ್ರಿ, ಹಬ್ಬದ ವಾರ ಬಿಡ್ರಿ. ಮೇ, ಆಗಸ್ಟ್, ಡಿಸೆಂಬರ್, ಫೆಬ್ರವರಿ, ನಾಕು ಸಲ ಅವೇ ಮನಿಗೆ ಹೋಗ್ರಿ. ಬೀಗ ಹಾಕಿದ ಮನಿ ಬದಲು ಬಾಜೂ ಮನಿ ಹಿಡೀಬ್ಯಾಡ್ರಿ, ಬೀಗ ಅಂತನೇ ಬರೀರಿ, ಎಷ್ಟು ತಿಂಗಳು ಅಂತ ಕೇಳಿ ಬರೀರಿ.

ಉದ್ಯೋಗ ಖಾತ್ರಿ (ಮನರೇಗಾ) ಅಂಕಿ ತಗೊಂಡು ಕೆಲಸದ ಬೇಡಿಕಿ ಅಳಿಯಾಕ ಹೋದ್ರ ಜ್ವಾಕಿ. ನಮೂನೆ 6 (ಕೆಲಸ ಕೇಳೋ ಅರ್ಜಿ) ಕೊಟ್ಟು ದಿನಾಂಕದ ರಸೀದಿ ತಗೊಂಡದ್ದಷ್ಟೇ ಬೇಡಿಕಿ ಅಂತ ಹಿಡೀತಿದ್ರು. ಬಾಯಿಲೆ ಕೇಳಿದ್ದು ಎಲ್ಲೂ ಇಲ್ಲ. ಕಾಮಗಾರಿ ತಯಾರಾದ ಮ್ಯಾಲ ಅರ್ಜಿ ಬರೆಸಿಕೊಂಡ್ರ ಬೇಡಿಕಿ, ಪೂರೈಕಿ ಎರಡೂ ಒಂದೇ ಕಾಣ್ತಾವ, 15 ದಿನದೊಳಗ ಕೆಲಸ ಕೊಡದಿದ್ರ ಸಿಗಬೇಕಾದ ಭತ್ಯೆದ ಪ್ರಶ್ನೆನೇ ಬರಂಗಿಲ್ಲ.

ಮೀಟರ್_ಆನ್:
ಹಳ್ಳಿಯ ಚರ್ಚೆಗೆ ನಗರದ ಒಂದು ಸೇರ್ಪಡೆ. ಡೆಲಿವರಿ ಹುಡುಗರ ವಿಷಯದಲ್ಲಿ ಗಂಟೆಯ ಅಳತೆ ಕೆಲಸ ಮಾಡಲ್ಲ. ಆ್ಯಪ್ ಆನ್ ಮಾಡಿ 11 ಗಂಟೆ ರಸ್ತೆಯಲ್ಲಿದ್ದರೆ 11 ಗಂಟೆಯೂ ಕೆಲಸ ಅಂತ ಹೇಳುತ್ತಾರೆ, ಅದರಲ್ಲಿ ಆರ್ಡರ್‌ಗೆ ಕಾದದ್ದೆಷ್ಟು ಅಂತ ಕಾಲಂ ಇಲ್ಲ. ಇವರು ಎಲ್‌ಯು2ರೊಳಗೆ ಬರೋದೇ ಇಲ್ಲ. ಗಂಟೆ ಸಾಕಷ್ಟಿದೆ, ಸಾಲದ್ದು ಆದಾಯ. ಸ್ವಯಂ ಉದ್ಯೋಗಿಗಳಿಗೆ ಕಳೆದ 30 ದಿನದ ಗಳಿಕೆ ಕೇಳುತ್ತಾರೆ, ಅದನ್ನು ಗಂಟೆಯಿಂದ ಭಾಗಿಸಿ ಕನಿಷ್ಠ ವೇತನದ ಗಂಟೆ ದರಕ್ಕೆ ಹೋಲಿಸಬಹುದು. ಪೆಟ್ರೋಲ್, ಗಾಡಿ ಕಂತು ಕಳೆದಿದ್ದಾರೋ ಇಲ್ಲವೋ ಅನ್ನೋ ಅನುಮಾನ ಇಟ್ಟುಕೊಂಡೇ ಓದಬೇಕು.

ಯುವನಿಧಿ ಫಲಾನುಭವಿಗಳ ಸಂಖ್ಯೆಯನ್ನು ಪದವೀಧರ ನಿರುದ್ಯೋಗದ ಅಳತೆ ಅಂತ ಬಳಸೋರೂ ಇದ್ದಾರೆ. 2022-23ರಲ್ಲಿ ತೇರ್ಗಡೆಯಾದವರಿಂದ ಶುರುವಾದ ಯೋಜನೆ ಅದು. ಪಾಸಾಗಿ 6 ತಿಂಗಳು ಕೆಲಸವಿಲ್ಲದಿದ್ದರೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಅದಕ್ಕೂ ಹಿಂದೆ ಪಾಸಾದವರು, ಓದು ಮುಂದುವರಿಸಿದವರು, ಮಾವನ ಅಂಗಡಿಯಲ್ಲಿ ಕೂತವರು, ಸ್ವಯಂ ಘೋಷಣೆ ಸಲ್ಲಿಸೋದು ಬಿಟ್ಟವರು ಯಾರೂ ಅದರಲ್ಲಿ ಇರಲ್ಲ. ಪದವೀಧರರ ಲೆಕ್ಕಕ್ಕೆ ಪಿಎಲ್‌ಎಫ್‌ಎಸ್‌ನ 15–29 ವಯಸ್ಸಿನ ಕೋಷ್ಟಕವೇ ವಾಸಿ (2023-24ರಲ್ಲಿ ಎಲ್ಲ ಯುವಜನರಿಗೆ 10.2%), ಶಿಕ್ಷಣ ಮಟ್ಟದ ಕಾಲಂ ಸೇರಿಸಿ ಒಡೆದು ನೋಡಿ.